ಸಾವಕಾಶ ಸಂಗಪ್ಪನನ್ನು ಬಿಟ್ಟುಬಂದ ಜಾಗ

ಹಾಸ್ಯದ ಪಾತ್ರ ಮಾಡಬೇಕೆನ್ನುವ ಹುಡುಗರು ಈಗಲೂ ನನ್ನ ಮನೆಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಮಾತು. "ಅಜ್ಜಾರ, ಮಂದೀನ್ನ ನಗಸೋದು ಹೆಂಗ್ರಿ?" ನಾನು ಬಾಯಿ ತೆರೆಯುವ ಮೊದಲೇ ಕಣ್ಣು ತಿರುಗಿಸಿ, ತುಟಿ ಸೊಟ್ಟ ಮಾಡಿ ಒಂದು ಮಾದರಿಯನ್ನೂ ತೋರಿಸಿಬಿಡುತ್ತಾರೆ. ನನಗೆ ಸಿಟ್ಟು ನೆತ್ತಿಗೇರುತ್ತದೆ. ಮುಖ ಸೊಟ್ಟ ಮಾಡುವುದಕ್ಕೆ ನಾಟಕ ಕಂಪನಿ ಯಾಕೆ ಬೇಕು, ಹಲ್ಲುನೋವು ಬಂದರೆ ಸಾಕು! ನನಗೆ ಬಂದ ಪದಕ, ಶಾಲುಗಳ ಸುದ್ದಿ ಇಲ್ಲಿ ಬರೆಯುವುದಿಲ್ಲ, ಅವು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿವೆ. ಒಂದು ಪಾತ್ರ ಎಲ್ಲಿಂದ ಬರುತ್ತದೆ, ಬಂದದ್ದು ಹೇಗೆ ತಿರುಗಿ ಹೋಗುತ್ತದೆ ಎನ್ನುವುದನ್ನಷ್ಟೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಮಗ್ಗದ ಕೆಲಸ ಬಿಟ್ಟು ಕಂಪನಿ ಸೇರಿದ್ದು ಹಾನಗಲ್ಲಿನಲ್ಲಿ. ಆಗ ತಗಡಿನ ಥೇಟರು, ಗ್ಯಾಸಬತ್ತಿ, ಕಾಲಿನಿಂದ ತುಳಿದು ಬಾರಿಸುವ ಹಾರ್ಮೋನಿಯಂ ಪೇಟಿ. ಮೈಕು ಎಂಬುದು ಇರಲಿಲ್ಲ. ಹಿಂದಿನ ಸಾಲಿನಲ್ಲಿ ಚಾಪೆ ಮೇಲೆ ಕುಳಿತವನಿಗೂ ಕೇಳಿಸುವಂತೆ ಒದರಬೇಕು, ಒದರಿದ್ದು ಒದರಿದಂತೆ ಅನಿಸಬಾರದು. ಈಗಿನವರ ಹಾಗೆ ನಮಗೆ ಮಾತು ಬರೆದು ಕೊಡುವವರೂ ಇರಲಿಲ್ಲ. ನಾಟಕದ ಪ್ರತಿಯಲ್ಲಿ ನಮ್ಮ ಪಾಲಿಗೆ ಇರುತ್ತಿದ್ದದ್ದು ಒಂದೇ ಸಾಲು: "ಹಾಸ್ಯಗಾರ ಬರುತ್ತಾನೆ." ಬಂದು ಏನು ಮಾಡುತ್ತಾನೆ ಎಂಬುದು ಅವನ ಕರ್ಮ.

ನನ್ನ ಮೊದಲ ಕರ್ಮ ಕೇಳಿ. ಕೊಡೆ ಹಿಡಿದು, ಪ್ರತಿ ಮಾತಿಗೂ ಒಮ್ಮೆ ಕ್ಯಾಕರಿಸುವ ಒಬ್ಬ ಅಧಿಕಾರಿಯನ್ನು ಪೇಟೆಯಲ್ಲಿ ನೋಡಿದ್ದೆ. ಅವನ ನಡಿಗೆ, ದನಿ, ಕೊಡೆ, ಕ್ಯಾಕರಿಕೆ ಎಲ್ಲವನ್ನೂ ಹಾಗೆಯೇ ಎತ್ತಿಕೊಂಡು ರಂಗಕ್ಕೆ ಬಂದೆ. ಜನ ಬಿದ್ದುಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿ ಮುಂದಿನ ಖುರ್ಚಿಯತ್ತ ನೋಡತೊಡಗಿದರು. ಆ ಪುಣ್ಯಾತ್ಮ ಅಲ್ಲೇ ಕೊಡೆ ಹಿಡಿದು ಕುಳಿತಿದ್ದ! ಅವನಿಗೆ ಕೆಮ್ಮು ಬಂದಿತ್ತು, ಆದರೆ ಕೆಮ್ಮಲು ಆಗುತ್ತಿರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದ.

ಮಾಲೀಕರು ನನ್ನ ಜನ್ಮ ಜಾಲಾಡಿದರು. ಆಗ ಕಂಪನಿಯ ಹಿರಿಯ ಹಾಸ್ಯಗಾರರಾಗಿದ್ದವರು ಮರಿಯಪ್ಪ ಮಾಸ್ತರರು. ಅವರು ಬಯ್ಯಲಿಲ್ಲ. ಥೇಟರಿನ ಹಿಂದೆ ಕರೆದುಕೊಂಡು ಹೋಗಿ ಅಡಿಕೆ ಕತ್ತರಿಸುತ್ತ ಕೇಳಿದರು.

"ಲೇ ನಿಂಗ್ಯಾ, ಇಡೀ ಮನಷ್ಯಾನ್ನ ಎತಗೊಂಡು ಬಂದೀಯಲ್ಲೋ, ಅಂವ ಮನಿಗೆ ಹೆಂಗ ಹೋಗಬೇಕು?"

ನಾನು ನಕ್ಕೆ. ಅವರು ನಗಲಿಲ್ಲ.

"ನಡಿಗಿ ಒಬ್ಬರ ಮನ್ಯಾಗಿಂದ ತಗೋ. ಮಾತು ಇನ್ನೊಬ್ಬರ ಮನ್ಯಾಗಿಂದ. ಕೈಚಾಳಿ ಮೂರನೇದವರ ಮನ್ಯಾಗಿಂದ. ಮೂರು ಮನಿ ಹಿಟ್ಟು ಕೂಡಿಸಿ ಒಂದು ರೊಟ್ಟಿ ಬಡಿ. ಅಂದ್ರ ಯಾರಿಗೂ ಕೊರತಿ ಆಗೂದಿಲ್ಲ."

"ಮೂರೂ ಒಂದ ಮನ್ಯಾಗಿಂದ ತಂದ್ರ ಏನಾಗ್ತೈತ್ರಿ ಮಾಸ್ತರ?"

"ಆ ಮನಿಯವರು ಕೇಳಾಕ ಬರ್ತಾರ," ಎಂದರು. ಅಡಕೊತ್ತನ್ನು ಮಡಿಸಿ ಚೀಲದಲ್ಲಿ ಹಾಕಿಕೊಂಡು ಎದ್ದುಬಿಟ್ಟರು. ಅವರಿಗೆ ಹಾಗೆ ಯಾರಾದರೂ ಕೇಳಲು ಬಂದಿದ್ದರೋ ಏನೋ, ಆ ಮಾತು ತೆಗೆದಾಗಲೆಲ್ಲ ಎದ್ದು ಹೋಗುತ್ತಿದ್ದರು.

ಅವರು ಕಲಿಸಿದ ಇನ್ನೊಂದು ರೂಢಿ ಇದೆ. ಆಟ ಮುಗಿದು ಬಣ್ಣ ತೊಳೆದ ಮೇಲೆ ಕನ್ನಡಿ ಮುಂದೆ ನಿಂತು ನಿನ್ನ ಹೆಸರನ್ನು ನೀನೇ ಕರೆಯಬೇಕು. ಕರೆದು "ಓ" ಎನ್ನಬೇಕು. ಓಗೊಟ್ಟವನು ನೀನೇ ಎಂದು ಖಾತ್ರಿಯಾದ ಮೇಲೆ ಊಟಕ್ಕೆ ಹೋಗಬೇಕು. ನಾನು ಬಹಳ ದಿನ ಇದನ್ನು ಮುದುಕರ ಹುಚ್ಚು ಎಂದುಕೊಂಡಿದ್ದೆ. ಆದರೂ ಮಾಸ್ತರರ ಕಣ್ಣಿಗೆ ಬೀಳುವಂತೆ ದಿನಾ "ನಿಂಗಪ್ಪಾ", "ಓ" ಎಂದು ಒದರಿ ಊಟದ ಸಾಲಿಗೆ ಓಡುತ್ತಿದ್ದೆ.

ಮೂರು ಮನೆಯ ಲೆಕ್ಕದಲ್ಲಿ ನಾನು ಮಾಡಿದ ಮೊದಲ ಪಾತ್ರ ಗದ್ದಲದ ಗಂಗವ್ವ. ನಡಿಗೆ ಅಕ್ಕಿಆಲೂರ ಸಂತೆಯಲ್ಲಿ ತವಡು ಮಾರುವವಳದು, ಕೈ ತಿರುವುವುದು ಒಬ್ಬ ಬಳೆಗಾರನದು, ದನಿ ನನ್ನ ಸೋದರತ್ತೆಯದು. ಅಕ್ಕಿಆಲೂರಲ್ಲಿ ಆ ಆಟಕ್ಕೆ ಅತ್ತೆಯೇ ಬಂದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಟ ಮುಗಿದ ಮೇಲೆ ಕೇಳಿದಳು: "ಅಯ್ಯ, ಅಕಿ ಬಾಯರೆ ಏನ ಬಾಯಿ! ಅಂಥಾಕಿ ಜೋಡಿ ಯಾರು ಸಂಸಾರ ಮಾಡ್ತಾರೋ!" ತನ್ನ ದನಿ ತನಗೇ ಗುರುತು ಸಿಕ್ಕಿರಲಿಲ್ಲ. ಆವತ್ತು ಮಾಸ್ತರರು ನನ್ನ ಬೆನ್ನು ತಟ್ಟಿದರು.

ಇನ್ನು ಸಂಗಪ್ಪನ ವಿಷಯ.

ಅವನ ನಡಿಗೆ ನನಗೆ ಸಿಕ್ಕಿದ್ದು ಹಾನಗಲ್ಲಿನ ಒಂದು ಖಾನಾವಳಿಯಲ್ಲಿ. ಅಲ್ಲಿ ಕೆರೆಯಿಂದ ನೀರು ಹೊರುವ ಯಲ್ಲಪ್ಪ ಎಂಬವನಿದ್ದ. ಹೆಜ್ಜೆ ಇಡುವ ಮೊದಲು ಹೆಬ್ಬೆರಳಿನಿಂದ ನೆಲವನ್ನು ಒತ್ತಿ ನೋಡುತ್ತಿದ್ದ, ನೆಲ ತಡೆಯುತ್ತದೆಂದು ಅನಿಸಿದ ಮೇಲೆ ಮೈಭಾರ ಬಿಡುತ್ತಿದ್ದ. ಕಲ್ಲುಹಾಸಿನ ಮೇಲೂ ಹಾಗೆಯೇ! ಮುಂದಿನ ಮೊಕ್ಕಾಂ ಶಿಗ್ಗಾಂವಿ. ಅಲ್ಲಿ ಈರಣ್ಣ ಎಂಬ ಸಿಂಪಿಗ ಮಾತಿನ ಕೊನೆಯ ಪದವನ್ನು ಗಂಟಲಲ್ಲೇ ಹಿಡಿದುಕೊಂಡು ಕೂರುತ್ತಿದ್ದ. "ನಿಮ್ಮ ಅಂಗಿ ನಾಳಿ ಬಂದು..." ಎಂದು ನಿಲ್ಲಿಸಿ, ನಾವು ಉಸಿರು ಬಿಗಿಹಿಡಿದು ಕಾಯ್ದ ಮೇಲೆ "ಒಯ್ರಿ" ಎನ್ನುತ್ತಿದ್ದ. ಅಲ್ಲಿಂದ ಸವಣೂರಿಗೆ ಹೋದೆವು. ಅಲ್ಲಿಯ ಎಲೆ ವ್ಯಾಪಾರಿ ಕಾಸಿಮಸಾಬರು ಕೈಗೆ ಬಂದದ್ದನ್ನೆಲ್ಲ ಮೂಗಿಗೆ ಹಿಡಿಯುತ್ತಿದ್ದರು. ವೀಳ್ಯದೆಲೆ ಸರಿ, ಮೂಸಬೇಕಾದದ್ದೇ. ಬೀಗದಕೈ, ಛತ್ರಿ, ನೀರಿನ ತಂಬಿಗೆಯನ್ನೂ ಮೂಸಿಯೇ ಮುಟ್ಟುತ್ತಿದ್ದರು.

ಮೂರು ಊರು, ಮೂರು ಮನೆ, ಮೂರು ಮಂದಿ. ಒಬ್ಬರಿಗೊಬ್ಬರ ಗುರುತೂ ಇಲ್ಲ. ಮಾಸ್ತರರ ನಿಯಮ ಅಚ್ಚುಕಟ್ಟಾಗಿ ಪಾಲಿಸಿದೆನೆಂದು ನಾನು ಬೀಗಿದೆ. ಮೂರನ್ನೂ ಕೂಡಿಸಿ ಬಂಕಾಪುರದಲ್ಲಿ ಮೊದಲ ಸಲ ರಂಗಕ್ಕೆ ತಂದೆ. ಮಾಲೀಕರು ಅವನಿಗೆ "ಸಾವಕಾಶ ಸಂಗಪ್ಪ" ಎಂದು ಹೆಸರಿಟ್ಟರು. ಜನ ಎಷ್ಟು ನಕ್ಕರೆಂದರೆ ಪೇಟಿಯವನಿಗೆ ಶ್ರುತಿ ಕೇಳಿಸದೆ ಹಾಡು ನಿಂತುಹೋಯಿತು.

ಆದರೆ ಅವನನ್ನು ಕಟ್ಟುವಾಗ ನನಗೆ ಕಷ್ಟವೇ ಆಗಲಿಲ್ಲ, ಅದು ನನ್ನನ್ನು ಒಳಗೊಳಗೇ ಕಾಡಿತು. ಗಂಗವ್ವನ ಮೂರು ತುಂಡು ಒಂದಾಗಲು ತಿಂಗಳುಗಟ್ಟಲೆ ಹಿಡಿದಿತ್ತು. ನಡಿಗೆ ಸರಿಯಾದರೆ ದನಿ ಜಾರುತ್ತಿತ್ತು, ದನಿ ಸರಿಯಾದರೆ ಕೈ ಮರೆಯುತ್ತಿತ್ತು. ಸಂಗಪ್ಪನ ಮೂರೂ ತುಂಡುಗಳು ಮೊದಲ ದಿನವೇ ತಾವಾಗಿ ಕೂಡಿಕೊಂಡವು. ಹೆಬ್ಬೆರಳು ನೆಲ ಒತ್ತಿದ ಕೂಡಲೇ ಮೂಗು ತಾನೇ ಗಾಳಿ ಮೂಸುತ್ತಿತ್ತು, ಮೂಸಿದ ಕೂಡಲೇ ಮಾತು ತಾನೇ ನಿಲ್ಲುತ್ತಿತ್ತು. ಮಾಸ್ತರರು ಪಕ್ಕದ ಪರದೆಯ ಮರೆಯಿಂದ ನೋಡಿ, "ಇಂವ ಭಾಳ ಲಗೂನ ಬಂದಾನ," ಎಂದಷ್ಟೇ ಹೇಳಿದರು.

ನಮ್ಮ ಕಸುಬಿನಲ್ಲಿ ಒಂದು ಸುಲಭದ ಉಪಾಯವಿದೆ. ಯಾವ ಊರಿಗೆ ಹೋದರೂ ಪಕ್ಕದ ಹಳ್ಳಿಯ ಹೆಸರು ಹೇಳಿ ಅದೇ ತನ್ನೂರೆಂದು ಹಾಸ್ಯಗಾರ ಹೇಳಿಕೊಳ್ಳುತ್ತಾನೆ. ಆ ಹಳ್ಳಿಯವರು ಸಿಳ್ಳೆ ಹೊಡೆಯುತ್ತಾರೆ, ಉಳಿದವರು ಅವರನ್ನು ನೋಡಿ ನಗುತ್ತಾರೆ. ಸಂಗಪ್ಪನೂ ಹಾಗೆಯೇ ಹೇಳುತ್ತಿದ್ದ. "ನಮ್ಮೂರು ಇಲ್ಲೇ..." ಎಂದು ನಿಲ್ಲಿಸಿ, ಜನ ತಾವೇ ಹತ್ತೂರ ಹೆಸರು ಕೂಗುವವರೆಗೂ ಕಾಯ್ದು, ಆಮೇಲೆ ಹೇಳುವುದು. ಬಂಕಾಪುರದಲ್ಲಿ "ಗೊಟಗೋಡಿ" ಎಂದೆ. ಹಾನಗಲ್ಲಿನ ಸುತ್ತ ತಿರುಗಿದಾಗ "ಅಕ್ಕಿಆಲೂರು" ಎಂದೆ. ಎಲ್ಲ ಕಡೆಯೂ ಸಿಳ್ಳೆ ಬಿತ್ತು.

ಯುದ್ಧದ ಕಾಲ. ಸೀಮೆಎಣ್ಣೆಗೆ ಬರ ಬಂತು. ಗ್ಯಾಸಬತ್ತಿ ಹಚ್ಚಲಾರದೆ ಮಾಲೀಕರು ಹಿರೇಕೆರೂರಲ್ಲಿ ಹಗಲು ಆಟ ಇಟ್ಟರು. ಹೆಂಗಸರಿಗೆ ಅನುಕೂಲವಾಯಿತು, ಮಧ್ಯಾಹ್ನ ಉಂಡು ಗಾಡಿ ಕಟ್ಟಿಕೊಂಡು ಬಂದರು. ತಗಡಿನ ಮೊಳೆತೂತುಗಳಿಂದ ಬಿಸಿಲು ಕಡ್ಡಿಕಡ್ಡಿಯಾಗಿ ಇಳಿಯುತ್ತಿತ್ತು. ಬತ್ತಿಯ ಬೆಳಕಿನಲ್ಲಿ ಜನರ ಮುಖ ನಮಗೆ ಕಾಣುವುದಿಲ್ಲ, ಆವತ್ತು ಒಬ್ಬೊಬ್ಬರ ಮುಖವೂ ಕಾಣುತ್ತಿತ್ತು. ನಾನು ಹೆಬ್ಬೆರಳಿನಿಂದ ಹಲಗೆ ಒತ್ತುತ್ತ ಬಂದೆ. ಯಾರೂ ನಗಲಿಲ್ಲ. ಕೈಲಿದ್ದ ಕೋಲನ್ನು ಮೂಸಿದೆ. ಗಂಡಸರ ಕಡೆ ನಾಲ್ಕಾರು ಜನ ಎದ್ದು ನಿಂತರು.

ನಗು ಬರದಿದ್ದರೆ ಸುಲಭದ ಉಪಾಯಕ್ಕೆ ಕೈಹಾಕುವುದೇ ಹಾಸ್ಯಗಾರನ ಬುದ್ಧಿ. "ನಮ್ಮೂರು ಇಲ್ಲೇ..." ಎಂದು ನಿಂತೆ. ಯಾವ ಊರಿನ ಹೆಸರನ್ನೂ ಯಾರೂ ಕೂಗಲಿಲ್ಲ. "ಚಿಕ್ಕೇರೂರು," ಎಂದೆ.

ಹೆಂಗಸರ ಸಾಲಿನಿಂದ ಒಬ್ಬಾಕೆ ಎದ್ದಳು. ಹಸಿರು ಬಳೆ, ಹಣೆ ತುಂಬ ಕುಂಕುಮ. ಮನೆಯ ಹೊಸ್ತಿಲಲ್ಲಿ ನಿಂತು ಕೇಳುವ ದನಿಯಲ್ಲಿ ಕೇಳಿದಳು.

"ಇಷ್ಟು ದಿನಾ ಎಲ್ಲಿದ್ರಿ?"

"ದಾರ್ಯಾಗ..." ಎಂದಿತು ನನ್ನ ಬಾಯಿ. ನಾನು ಅದನ್ನು ಯೋಚಿಸಿರಲಿಲ್ಲ. ಮಾತು ನಿಂತಿತು, ನಾನೇ ಅದಕ್ಕಾಗಿ ಕಾಯ್ದೆ. "ಇದ್ದೆ."

ಮಾಸ್ತರರು ಪರದೆ ಇಳಿಸಿಬಿಟ್ಟರು. ನಾನು ಬಣ್ಣ ತೊಳೆದು ಕನ್ನಡಿ ಮುಂದೆ ನಿಂತು "ನಿಂಗಪ್ಪಾ" ಎಂದು ಕರೆದೆ. "ಓ" ಬರಲಿಲ್ಲ. ಬಾಯಿ ತೆರೆದೇ ಇತ್ತು, ದನಿ ಗಂಟಲಲ್ಲಿ ನಿಂತಿತ್ತು. ಎಷ್ಟೋ ಹೊತ್ತಿನ ಮೇಲೆ ಬಂತು.

ಆಕೆ ಒಳಗೆ ಬಂದಳು. ಜೊತೆಗೆ ಮೈದುನ ಶಿವಪ್ಪ. ಆಕೆಯ ಹೆಸರು ಗೌರವ್ವ. ನಾನು ತೆಗೆದಿಟ್ಟ ಕೂದಲಿನ ಟೋಪನ್ನೂ ಮೀಸೆಯನ್ನೂ ತೋರಿಸಿ, "ನೋಡ್ರೀ ಅಕ್ಕಾರ, ನಾ ನಿಂಗಪ್ಪ. ಎಲ್ಲಾ ಸೋಗು," ಎಂದೆ.

"ನನ್ನ ಕಣ್ಣೇನು ಕುರುಡಾಗಿಲ್ರೀ ಅಣ್ಣಾರ," ಎಂದಳು ಆಕೆ. "ನೀವು ಅವರಲ್ಲ ಅನ್ನೂದು ಗೊತ್ತೈತಿ. ಆದ್ರ ನೀವು ಅವರನ್ನ ನೋಡೀರಿ. ನೋಡದ ಹಿಂಗ ಮಾಡಾಕ ಬರೂದಿಲ್ಲ."

ಗಂಡ ಫಕೀರಪ್ಪನ ಕಥೆಯನ್ನು ಆಕೆಯೇ ಹೇಳಿದಳು. ಮದುವೆಯಾದ ಹೊಸತರಲ್ಲಿ ಜೋಳ ತೆಗೆಯಲು ಹೋದಾಗ ಹಗೇವಿನ ಬಾಯಿ ಕುಸಿದು ಅವನು ಒಳಗೆ ಬಿದ್ದಿದ್ದ. ಹಗೇವೆಂದರೆ ನಮ್ಮ ಕಡೆ ಕಾಳು ಹುಗಿದಿಡುವ ನೆಲದ ಗುಂಡಿ, ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಎತ್ತುವಷ್ಟರಲ್ಲಿ ಉಸಿರು ಹೋದ ಹಾಗಾಗಿತ್ತು.

"ಜೀವಾ ಬಂತ್ರಿ, ಆದ್ರ ಮನಷ್ಯಾ ಅರ್ಧಾ ಅಲ್ಲೇ ಉಳದ್ರು. ಅವತ್ತಿನಿಂದ ಅವರು ನೆಲಾ ನಂಬಲಿಲ್ಲ, ಹೆಬ್ಬಟ್ಟಿಲೆ ಒತ್ತಿ ನೋಡಿ ಕಾಲಿಡವ್ರು. ಗಾಳಿ ನಂಬಲಿಲ್ಲ, ಎಲ್ಲಾ ಮೂಸವ್ರು. ಮಾತಿನ ಕಡೀಕ ಉಸರು ಸಾಲತಿದ್ದಿಲ್ಲ."

ನಾನು ಮೂರೂರಿನಿಂದ ತಂದ ಮೂರು ತುಂಡುಗಳೂ ಒಂದೇ ಗುಂಡಿಯಿಂದ ಎದ್ದು ಬಂದಿದ್ದವು. ಮಾಸ್ತರರ ಮುಖ ನೋಡಿದೆ. ಅವರು ಈ ಸಲ ಎದ್ದು ಹೋಗಲಿಲ್ಲ, ನೆಲ ನೋಡುತ್ತ ಕುಳಿತಿದ್ದರು.

ಅಣ್ಣತಮ್ಮಂದಿರ ನಡುವೆ ಹೊಲಕ್ಕೆ ನೀರು ಬಿಡುವ ಪಾಳಿಗೆ ಒಂದು ದಿನ ಬಾಯಿಮಾತು ಬೆಳೆದಿತ್ತು. ಫಕೀರಪ್ಪ ಉಣ್ಣುವ ತಾಟು ಬಿಟ್ಟು ಎದ್ದು ಹೋದವನು ತಿರುಗಿ ಬಂದಿರಲಿಲ್ಲ. ಶಿವಪ್ಪ ಕೆಟ್ಟವನಲ್ಲ, ಸೋತು ಹೋಗಿದ್ದ.

"ಎಷ್ಟು ವರ್ಷ ಅಂತ ಕಾಯೋದ್ರೀ ಮಾಸ್ತರ? ಸತ್ತಾನೋ ಬದಕ್ಯಾನೋ ತಿಳೀದ ಮನಷ್ಯಾಗ ಎಡಿ ಇಡೋದೋ ಬಿಡೋದೋ? ಬರೋ ಅಮಾಸಿಗೆ ಸತ್ತವರ ದಿನಾ ಮಾಡಿ ಮುಗಸ್ರಿ ಅಂತ ಹಿರ್ಯಾರು ಹೇಳ್ಯಾರ."

"ದಿನಾ ಮಾಡೋದಂದ್ರ ನನ್ನ ಕೈಬಳಿ ಒಡಿಯೋದು," ಎಂದಳು ಗೌರವ್ವ. "ಸತ್ತಿದ್ರ ಒಡೀರಿ, ನಾ ಒಲ್ಲೆ ಅನ್ನೂದಿಲ್ಲ. ಬದಕಿದ್ದಾಗ ಒಡದ್ರ ನಾನ ಅವರನ್ನ ಹುಗದಂಗ ಆತಲ್ರೀ. ನೀವು ಆ ನಡಿಗಿ ಎಲ್ಲಿಂದ ತಂದ್ರಿ, ಅಷ್ಟು ಹೇಳ್ರಿ."

ಮೂರು ಮಂದಿಯ ಸುದ್ದಿ ಹೇಳಿದೆ. "ಅವರನ್ನ ತೋರಸ್ರಿ," ಎಂದಳು.

ನನ್ನನ್ನು ಕಳಿಸಲು ಮಾಲೀಕರು ಸುತರಾಂ ಒಪ್ಪಲಿಲ್ಲ. ಒಪ್ಪುವುದು ಹೇಗೆ? ಮರುದಿನದಿಂದ ಸುತ್ತಿನ ಹಳ್ಳಿಗಳ ಜನ ಗಾಡಿ ಕಟ್ಟಿಕೊಂಡು ಬರತೊಡಗಿದರು. ಅವರು ನಗಲು ಬರುತ್ತಿರಲಿಲ್ಲ. ಸುಮ್ಮನೆ ಕುಳಿತು ನೋಡುತ್ತಿದ್ದರು, ಕೆಲವರು ಹೊರಡುವಾಗ ರಂಗಕ್ಕೆ ಕೈಮುಗಿಯುತ್ತಿದ್ದರು. ಒಂದು ದಿನ ಚಿಕ್ಕೇರೂರಿನ ಮುದುಕನೊಬ್ಬ ಆಟದ ನಡುವೆ ಎದ್ದು, "ಫಕೀರಪ್ಪಾ, ಹೋಗೂ ಮುಂದ ನನ್ನ ಕುಡಗೋಲು ಒಯ್ದಿದ್ಯಲ್ಲ, ಎಲ್ಲಿಟ್ಟೀಪಾ?" ಎಂದು ಕೇಳಿಯೇಬಿಟ್ಟ. ಏನೋ ಒಂದು ಹೇಳಿ ಪಾರಾಗೋಣವೆಂದು, "ನಿನ್ನ ಅಟ್ಟದ... ಮ್ಯಾಲ," ಎಂದೆ. ಯಾರ ಮನೆಯಲ್ಲಿ ಅಟ್ಟವಿಲ್ಲ, ಯಾವ ಅಟ್ಟದ ಮೇಲೆ ತುಕ್ಕು ಹಿಡಿದ ಕುಡುಗೋಲಿಲ್ಲ? ಆ ಮುದುಕ ಮರುದಿನ ಕುಡುಗೋಲು ಹಿಡಿದುಕೊಂಡೇ ಆಟಕ್ಕೆ ಬಂದ. ಎಲ್ಲರೂ ಅದನ್ನು ಮುಟ್ಟಿ ಮುಟ್ಟಿ ನೋಡಿದರು. ನಾನು ಆ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಬಣ್ಣ ತೊಳೆದ ಮೇಲೂ ನನ್ನ ಹೆಬ್ಬೆರಳು ನೆಲ ಒತ್ತತೊಡಗಿತ್ತು. ಊಟದ ಸಾಲಿನಲ್ಲಿ ರೊಟ್ಟಿಯನ್ನು ಮೂಸಿದೆನಂತೆ, ಬಡಿಸುವವನು ಹೇಳಿದ. "ಓ" ಬರುವುದು ದಿನದಿನಕ್ಕೆ ತಡವಾಗುತ್ತಿತ್ತು. ಮಾಸ್ತರರು ನನ್ನ ಚೀಲವನ್ನು ತಾವೇ ಕಟ್ಟಿ ಕೈಗೆ ಕೊಟ್ಟರು.

"ಹೋಗು, ಆಕೀನ್ನ ಕರಕೊಂಡು ಹೋಗು. ಮಾಲೀಕರಿಗೆ ನಾ ಹೇಳ್ತೇನಿ. ಆ ಮನಿಯವರು ಕೇಳಾಕ ಬಂದಾರ, ಕೊಡದ ಬಿಟ್ರ ನಿನ್ನ ಕೊಡಬೇಕಾಗ್ತೈತಿ."

ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಗೌರವ್ವ, ಶಿವಪ್ಪ, ನಾನು ಮೂವರೂ ಹಾನಗಲ್ಲಿಗೆ ಹೋದೆವು. ಖಾನಾವಳಿಯಲ್ಲಿ ಯಲ್ಲಪ್ಪ ಕೊಡ ಹೊತ್ತು ಬಂದ. ದಡದಡ ನಡೆದು ಬಂದ, ಎಲ್ಲರ ಹಾಗೆ! ನಿನ್ನ ಆ ನಡಿಗೆ ಏನಾಯಿತೆಂದು ಕೇಳಿದೆ.

"ಅದು ನನ್ನ ನಡಿಗಿ ಅಲ್ರೀ," ಎಂದ ಯಲ್ಲಪ್ಪ. "ನನಗಿಂತ ಮೊದಲ ಇಲ್ಲಿ ಒಬ್ಬಾಂವ ನೀರು ಹೊರತಿದ್ದ. ಕೆರೀಗೆ ಇಳಿಯೋ ಪಾವಟಿಗಿ ಜಾರ್ತಾವು ಅಂತ ನನಗ ಹಂಗ ನಡಿಯಾಕ ಕಲಿಸಿದ. ಅಂವ ಹ್ವಾದ ಮ್ಯಾಲೂ ಅದು ನನಗ ಹತಗೊಂಡಿತ್ತು. ಹ್ವಾದ ಸಲ ನಿಮ್ಮ ಕಂಪನಿ ಬಂದು ಹೋತಲ್ರೀ, ಆಮ್ಯಾಲ ಬಿಟ್ಟೋತು. ಯಾಕೋ ಗೊತ್ತಿಲ್ಲ."

"ಅಂವ ಎಲ್ಲಿ ಹ್ವಾದ?" ಎಂದೆ.

"ಶಿಗ್ಗಾಂವಿ ಕಡೆ."

ಶಿಗ್ಗಾಂವಿಯಲ್ಲಿ ಸಿಂಪಿಗ ಈರಣ್ಣ ಒಂದೇ ಸಮನೆ ಮಾತಾಡುತ್ತಿದ್ದ. ನಿಲ್ಲಿಸಲು ನಾವೇ ಕೈ ಅಡ್ಡ ಹಿಡಿಯಬೇಕಾಯಿತು. "ಹೌದ್ರಿ, ನನಗ ಮೊದಲ ಮಾತು ತಡೀತಿತ್ತು, ಈಗ ಗುಣ ಆಗೇತಿ! ಆ ಚಾಳಿ ನನ್ನದಲ್ಲ. ಒಬ್ಬಾಂವ ಬಂದು ನನ್ನ ಕಟ್ಟಿ ಮ್ಯಾಲ ಕುಂತು ಕಾಜಾ ಮಾಡಿ ಕೊಡತಿದ್ದ. ಅವನ ಜೋಡಿ ಮಾತಾಡಿ ಮಾತಾಡಿ ನನಗೂ ಬಂದಿತ್ತು. ಪಾಪ, ಭಾಳ ಚಲೋ ಮನಷ್ಯಾ. ಸವಣೂರ ಎಲಿತ್ವಾಟಕ ಹೋಗ್ತೇನಿ ಅಂತ ಹ್ವಾದ."

ಗೌರವ್ವ ಶಿಗ್ಗಾಂವಿಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡಳು, ಗಂಡಸರ ಚಪ್ಪಲಿ. "ಬರಗಾಲಿಲೆ ಹ್ವಾದವರು," ಎಂದಳು. ಶಿವಪ್ಪ ಆಚೆ ಮುಖ ಮಾಡಿ ಕಣ್ಣೊರೆಸಿಕೊಂಡ. ನನಗೂ ಆಗ ಆಸೆ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ಎಲೆಬಳ್ಳಿಗಳ ಸಾಲಿನಿಂದ ಹೆಬ್ಬೆರಳು ಒತ್ತುತ್ತ ಅವನೇ ಎದ್ದು ಬರುತ್ತಾನೆ ಎಂದುಕೊಂಡೆ.

ಸವಣೂರಿನ ತೋಟದಲ್ಲಿ ಕಾಸಿಮಸಾಬರು ಎಲೆ ಜೋಡಿಸುತ್ತಿದ್ದರು. ಒಂದನ್ನೂ ಮೂಸಲಿಲ್ಲ. ನಾವು ಕೇಳಿದ್ದನ್ನು ಕೇಳಿ ಎಲೆ ಕೆಳಗಿಟ್ಟು, ಗೌರವ್ವನ ಹಣೆಯ ಕುಂಕುಮ ನೋಡಿ, ತಲೆ ತಗ್ಗಿಸಿದರು. ಆ ತಲೆ ತಗ್ಗಿಸಿದ್ದರಲ್ಲೇ ಆಕೆಗೆ ತಿಳಿಯಿತು.

"ಭಾಳ ವರ್ಷ ಇದ್ದ ಬೇಟಿ, ನಮ್ಮ ತ್ವಾಟದಾಗ. ಮೂಸಿ ನೋಡೇ ಎಲಿ ಹಣ್ಣಾಗೇತೋ ಇಲ್ಲೋ ಹೇಳಾಂವ. ನೋಡಿ ನೋಡಿ ನನಗೂ ಬಂತು. ಹೆಸರು ಕೇಳಿದ್ರ, 'ನನ್ನ ಹೆಸರು...' ಅಂದು ಸುಮ್ಮನಾಗಾಂವ. ವರ್ಷಕ್ಕೊಮ್ಮೆ, ಮನಿಗೆ ಹೋಗ್ತೇನಿ ಅಂತ ಹೊಂಟು ನಿಲ್ಲಾಂವ. ತ್ವಾಟದ ಅಂಚಿಗೆ ಹೋಗಿ ಬಟ್ಟಿಲೆ ನೆಲಾ ಒತ್ತಿ ನೋಡಾಂವ, ತಿರುಗಿ ಬರಾಂವ. ಯಾಕೋ ಅಂದ್ರ, ನೆಲಾ ತಡಿಯೂದಿಲ್ಲ ಅನ್ನಾಂವ."

ಒಳಗಿನಿಂದ ಒಂದು ಕಂಬಳಿ ತಂದರು. ಅದರ ಮೂಲೆಗೆ ಕೆಂಪು ದಾರದ ಹೊಲಿಗೆ ಇತ್ತು. ಗೌರವ್ವ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ನಾನ ಹಾಕಿದ್ದು," ಎಂದಳು.

"ಜ್ವರಾ ಬಂದಿತ್ತು. ಕಡೀಕ ನನ್ನ ಕೈ ಹಿಡದು, 'ನಮ್ಮೂರು ಇಲ್ಲೇ...' ಅಂದ. ನಾ ಕಿವಿ ಬಾಯಿ ಹತ್ರ ಒಯ್ದೆ. ಹಂಗ ಬಾಯಿ ತಗದು ಇದ್ದ. ಅಷ್ಟ. ಆ ಊರಿನ ಹೆಸರು ಸಿಕ್ಕಿದ್ರ ಹೆಗಲ ಮ್ಯಾಲ ಹೊತಗೊಂಡು ಬಂದು ಮುಟ್ಟಿಸ್ತಿದ್ದೆ, ಬೇಟಿ. ಅದೊಂದು ಮಾತು ನಮಗ ಸಿಗಲಿಲ್ಲ."

ಗೌರವ್ವ ನನ್ನತ್ತ ತಿರುಗಿ ನೋಡಿದಳು. ಶಿವಪ್ಪನೂ ನೋಡಿದ. ಆ ಎರಡು ಪದಗಳನ್ನು ನಾನೇ ಹೊಸೆದದ್ದು ಎಂದು ನಾನು ಊರೂರಿಗೂ ಹೇಳಿಕೊಂಡು ತಿರುಗಿದ್ದೆ. ಪ್ರತಿ ಊರಲ್ಲೂ ನಿಲ್ಲಿಸಿ, ಕಾಯ್ದು, ತಪ್ಪು ಊರಿನ ಹೆಸರು ಹೇಳುತ್ತ ಬಂದು, ಹಿರೇಕೆರೂರಲ್ಲಿ ಒಮ್ಮೆ ಸರಿಯಾದದ್ದು ಹೇಳಿದ್ದೆ.

ತೋಟದ ಅಂಚಿಗೆ ಅವನನ್ನು ಮಣ್ಣು ಮಾಡಿ ಒಂದು ಕಲ್ಲು ಇಟ್ಟಿದ್ದರು. ಅವನು ಪ್ರತಿ ವರ್ಷ ಬಂದು ತಿರುಗಿ ಹೋಗುತ್ತಿದ್ದ ಜಾಗವೇ ಅದು. "ನಿಮ್ಮ ಪದ್ಧತಿ ನಮಗ ಗೊತ್ತಿದ್ದಿಲ್ಲ, ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೋ," ಎಂದರು ಕಾಸಿಮಸಾಬರು. ಗೌರವ್ವ ಅವರ ಪಾದ ಮುಟ್ಟಿದಳು.

ಆಮೇಲೆ ನನಗೆ ಹೇಳಿದಳು.

"ಅಣ್ಣಾರ, ಅವರದೆಲ್ಲಾ ನಿಮ್ಮ ಮೈಯಾಗ ಐತಿ. ಇಲ್ಲೇ ಬಿಟ್ಟು ಹೋಗ್ರಿ. ಒಂದ ಸಲ ನಡದು ಬರ್ರಿ, ನಾ ನೋಡ್ತೇನಿ."

ಬಣ್ಣವಿಲ್ಲ, ಮೀಸೆಯಿಲ್ಲ, ಪೇಟಿಯಿಲ್ಲ. ನನ್ನ ಜೀವನದಲ್ಲಿ ನಾನು ಅಷ್ಟು ಹೆದರಿ ಯಾವ ಪಾತ್ರವನ್ನೂ ಮಾಡಿಲ್ಲ. ಬಳ್ಳಿಸಾಲಿನಿಂದ ಹೆಬ್ಬೆರಳು ಒತ್ತುತ್ತ ಹೊರಟೆ. ನಡುವೆ ಒಂದು ಎಲೆ ಕಿತ್ತು ಮೂಸಿದೆ. ಕಲ್ಲಿನ ಹತ್ತಿರ ಬಂದು ನಿಂತು, "ನಮ್ಮೂರು ಇಲ್ಲೇ..." ಎಂದೆ. ಮಾತು ನಿಂತಿತು. ಗಂಟಲಲ್ಲಿ ಹುಡುಕಿದೆ, ಊರಿನ ಹೆಸರು ಅಲ್ಲಿರಲಿಲ್ಲ. ಕಾಸಿಮಸಾಬರು ಆವತ್ತಿನ ಹಾಗೆಯೇ ಕಿವಿಯನ್ನು ಮುಂದೆ ಮಾಡಿ ನಿಂತಿದ್ದರು. ಎಲೆಗಳೂ ಅಲುಗಲಿಲ್ಲ.

"ಚಿಕ್ಕೇರೂರು," ಎಂದಳು ಗೌರವ್ವ. "ಬರ್ರಿ, ಮನಿಗೆ ಹೋಗೂಣು."

ಅಷ್ಟು ಹೇಳಿ ಕುಳಿತು ಅತ್ತಳು. ಅತ್ತು ಮುಗಿಸಿ ಕೈಗೆ ಎಣ್ಣೆ ಕೇಳಿದಳು. ಶಿವಪ್ಪ, "ವೈನೀ, ಅಮಾಸಿ ತನಕ ಇರಲಿ," ಎಂದ. "ಬ್ಯಾಡಪಾ. ಯಾರೂ ಒಡಿಯೂದು ಬ್ಯಾಡ," ಎಂದು ಹಸಿರು ಬಳೆಗಳನ್ನು ಒಂದೊಂದಾಗಿ ತಾನೇ ಜಾರಿಸಿ ತೆಗೆದು, ಒಂದೂ ಒಡೆಯದಂತೆ ಕಲ್ಲಿನ ಮೇಲಿಟ್ಟಳು. ಪಕ್ಕದಲ್ಲಿ ಆ ಹೊಸ ಚಪ್ಪಲಿ ಇಟ್ಟಳು. ಕಲ್ಲಿನ ಬುಡದ ಒಂದು ಹಿಡಿ ಮಣ್ಣನ್ನು ಕಂಬಳಿಯ ಮೂಲೆಗೆ ಕಟ್ಟಿಕೊಂಡಳು.

ನಾನು ತೋಟದ ಕಾಲುವೆಯಲ್ಲಿ ಮುಖ ತೊಳೆದೆ. ನೀರಿನಲ್ಲಿ ಮುಖ ನೋಡಿ "ನಿಂಗಪ್ಪಾ" ಎಂದೆ. ಮಾತು ಮುಗಿಯುವ ಮೊದಲೇ "ಓ" ಬಂತು. ಎದ್ದು ನಡೆದೆ, ಕಾಲು ಧಪ್ಪನೆ ನೆಲದ ಮೇಲೆ ಬಿತ್ತು.

ಸಂಗಪ್ಪನಿಲ್ಲದ ನಿಂಗಪ್ಪ ತನಗ್ಯಾಕೆ ಎಂದು ಮಾಲೀಕರು ಹಾರಾಡಿದರು. ನನ್ನನ್ನು ಬಹಳ ದಿನ ಭಾಲೆ ಹಿಡಿದು ನಿಲ್ಲುವ ಸಿಪಾಯಿ ಮಾಡಿಟ್ಟರು. ಮಾಸ್ತರರು ಬದುಕಿರುವ ತನಕ ನನ್ನನ್ನು ಏನೂ ಕೇಳಲಿಲ್ಲ, ಆವತ್ತು ಹಿಂದಿರುಗಿದಾಗ ನನ್ನ ಕಾಲನ್ನು ಮಾತ್ರ ನೋಡಿದರು. ಆಮೇಲೆ ಬೇರೆ ಪಾತ್ರಗಳು ಬಂದವು, ಜನ ನಕ್ಕರು, ಹೊಟ್ಟೆ ತುಂಬಿತು. ಆದರೆ ಯಾರಿಂದಲಾದರೂ ಏನಾದರೂ ತೆಗೆದುಕೊಳ್ಳುವ ಮೊದಲು, "ಇದು ನಿನಗ ಯಾರಿಂದ ಬಂತಪಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ನಿಮಗೂ ಅದನ್ನೇ ಹೇಳುವುದು, ಹುಡುಗರೇ. ಕೇಳಿ ತಗೊಳ್ಳಿ, ತಿರುಗಿ ಕೊಡುವ ದಾರಿಯನ್ನೂ ನೋಡಿಟ್ಟುಕೊಳ್ಳಿ.

ಬಂದವರು ಕಡೆಗೆ, "ಅಜ್ಜಾರ, ಒಂದ ಸಲ ಸಾವಕಾಶ ಸಂಗಪ್ಪನ್ನ ತೋರಸ್ರಿ," ಎಂದು ಗಂಟುಬೀಳುತ್ತಾರೆ. ಅವರ ಮನಸ್ಸಿಗೆಂದು ಏಳುತ್ತೇನೆ. ಕಾಲು ನನ್ನದೇ, ಕೈ ನನ್ನದೇ. "ನಮ್ಮೂರು ಇಲ್ಲೇ" ಎನ್ನುವವರೆಗೆ ಹೇಳಿ ಕೂರುತ್ತೇನೆ. ಮುಂದಿನದು ಏನೆಂದು ಅವರು ಕೇಳುತ್ತಾರೆ. ಅದನ್ನು ಹೇಳಬೇಕಾದವಳು ಹೇಳಿಯಾಗಿದೆ.